ಕೆಟ್ಟರೆ ಯಾರು ಬರ್ತಾರೆ?

ನಮ್ಮ ತಾಲ್ಲೂಕಿನ ಮೇಷ್ಟ್ರುಗಳ ಬಾಯಲ್ಲಿ ಇಸವಿ ಬರುವುದು ಅಪರೂಪ. ‘ನಲಿ-ಕಲಿ ತರಬೇತಿ ನಡೀತಿತ್ತಲ್ಲ, ಆ ವರ್ಷ ನನ್ನ ಮದುವೆ’, ‘ರೇಡಿಯೊ ತರಬೇತಿಗೆ ಹೋಗಿದ್ದಾಗ ನಮ್ಮ ಮಾವ ತೀರಿಕೊಂಡ್ರು’, ‘ಉಬುಂಟು ಹೇಳಿಕೊಡ್ತಿದ್ರಲ್ಲ, ಆಗ ಸೈಟು ತಗೊಂಡಿದ್ದು, ಈಗಾಗಿದ್ರೆ ಎಲ್ಲಿ ಆಗ್ತಿತ್ತು’ ಎಂದೇ ಮಾತು. ಸರ್ಕಾರಗಳು ಬಂದದ್ದು ಹೋದದ್ದು ಮರೆತಿರಬಹುದು, ಯಾವ ಸರ್ಕಾರ ಯಾವ ಪೆಟ್ಟಿಗೆ ಕೊಟ್ಟಿತು ಎನ್ನುವುದು ಮಾತ್ರ ಮರೆಯುವುದಿಲ್ಲ. ರೇಡಿಯೊ, ಟೇಪ್ ರೆಕಾರ್ಡರ್, ಟಿವಿ, ಕಂಪ್ಯೂಟರ್, ಪ್ರೊಜೆಕ್ಟರ್, ಈಗ ಸ್ಮಾರ್ಟ್ ಬೋರ್ಡು. ಒಂದೊಂದು ಪೆಟ್ಟಿಗೆ ಬಂದಾಗಲೂ ಅದರ ಬೆನ್ನಿಗೇ ಒಂದು ಕಾರ್ಯಾಗಾರ ಬಂತು. ಕೆಲವು ಸಲ ಕಾರ್ಯಾಗಾರ ಮುಂಚೆ ಬಂದುಬಿಟ್ಟು ಪೆಟ್ಟಿಗೆ ಬರಲೇ ಇಲ್ಲ.

ಪ್ರಾಥಮಿಕ ಶಾಲೆಗೆ ಟೀಚರಾಗಿ ಸೇರಿ, ಬಡ್ತಿ ಸಿಕ್ಕಿ ಹೈಸ್ಕೂಲಿಗೆ ವಿಜ್ಞಾನದ ಮೇಡಂ ಆಗಿ, ಕೆಜಿಎಫ್ ಬಂಗಾರಪೇಟೆ ಸುತ್ತಮುತ್ತಲೇ ಸೇವೆ ಮುಗಿಸಿದವಳು ನಾನು. ನಿವೃತ್ತಿಯಾದ ಮೇಲೆ ಒಂದು ವಿಚಿತ್ರ ಗಮನಿಸಿದ್ದೇನೆ. ನಾನು ಮಾಡಿದ ಪಾಠಗಳಿಗಿಂತ ನಾನು ಕೂತು ಕೇಳಿದ ಪಾಠಗಳೇ ಹೆಚ್ಚು ನೆನಪಿಗೆ ಬರುತ್ತವೆ. ನಮ್ಮ ಕಡೆ ಆ ಯೋಗ ಬೇರೆಯವರಿಗಿಂತ ಬೇಗ ಶುರುವಾಯಿತು ಕೂಡ. 1994ರಲ್ಲಿ ಡಿಪಿಇಪಿ ಎಂಬ ಯೋಜನೆ ರಾಜ್ಯಕ್ಕೆ ಕಾಲಿಟ್ಟಾಗ ಮೊದಲು ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿ, ಮಂಡ್ಯ, ರಾಯಚೂರಿನ ಜೊತೆ ಕೋಲಾರವೂ ಇತ್ತು. ಅಲ್ಲಿಂದಾಚೆ ನಾವು ಬಿಳಿ ಡ್ರಾಯಿಂಗ್ ಶೀಟು ಕಂಡರೆ ಸಾಕು, ನಾವಾಗಿಯೇ ಆರಾರು ಜನರ ಗುಂಪು ಮಾಡಿಕೊಂಡು ನೆಲಕ್ಕೆ ಕೂರುವವರಾದೆವು. ಇನ್ನು ನಲಿ-ಕಲಿ. ಅದರ ಬೇರು ಇರುವುದು ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯಲ್ಲಿ, ಅಂದರೆ ನಮ್ಮ ಜಿಲ್ಲೆಯ ಗಡಿ ದಾಟಿದರೆ ಸಿಗುವ ಊರು. ಆದರೂ ಅದನ್ನು ನೋಡಿ ಬಂದು 1995ರಲ್ಲಿ ಕೈಗೆತ್ತಿಕೊಂಡವರು ಎಚ್.ಡಿ. ಕೋಟೆಯ ಮೇಷ್ಟ್ರುಗಳು. ಪಕ್ಕದ ಮನೆಯ ಸಾರು ಮೈಸೂರು ಸುತ್ತಿಕೊಂಡು ನಮ್ಮ ತಟ್ಟೆಗೆ ಬಂತು.

ನಾನು ಹುಟ್ಟಿದ್ದು ನಂದಿದುರ್ಗದಲ್ಲಿ. ಹಾಗೆಂದರೆ ಸಾಕು, ‘ಓ, ಸೂರ್ಯೋದಯ ಚೆನ್ನಾಗಿರುತ್ತಲ್ವಾ’ ಅನ್ನುತ್ತಾರೆ. ಆ ನಂದಿ ಚಿಕ್ಕಬಳ್ಳಾಪುರದ ಕಡೆಯದು. ನಮ್ಮದು ಚಿನ್ನದ ಗಣಿಯ ನಂದಿದುರ್ಗ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದ ಮೇಲೆ ತಲೆಯೆತ್ತಿದ ಗಣಿಗಳಲ್ಲಿ ಚಾಂಪಿಯನ್ ರೀಫ್, ಮೈಸೂರು, ಊರಿಗಾಂ ಜೊತೆಗೆ ಇದೂ ಒಂದು. ಬೆಟ್ಟದ ಹೆಸರಿಟ್ಟುಕೊಂಡ ಪಾತಾಳ. ನಮ್ಮೂರಲ್ಲಿ ಬೆಟ್ಟ ಅಂತ ಇರುವುದು ಸೈನೈಡ್ ಗುಡ್ಡ ಒಂದೇ, ಅದೂ ಗಣಿಯವರು ಚಿನ್ನ ತೆಗೆದುಕೊಂಡು ಬಿಸಾಕಿದ ಬೂದು ಮಣ್ಣು. 2018ರಲ್ಲಿ ನಮ್ಮೂರ ಹೆಸರಿನ ಸಿನಿಮಾ ಬಂದ ಮೇಲೆ ಹೊರಗಿನಿಂದ ಬರುವ ಸಂಪನ್ಮೂಲ ವ್ಯಕ್ತಿಗಳೆಲ್ಲ ಮೊದಲ ಅವಧಿಯಲ್ಲೇ ಕೇಳುತ್ತಿದ್ದುದು ಆ ಗುಡ್ಡ ಎಲ್ಲಿ ಎಂದು. ನಮ್ಮ ಪಿಇ ಮೇಷ್ಟ್ರು ಅವರನ್ನು ಸಂಜೆ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿ ಬರುತ್ತಿದ್ದರು. ಆ ಪುಣ್ಯಕ್ಕೆ ಮಾರನೇ ದಿನ ಮೇಷ್ಟ್ರಿಗೆ ಯಾರೂ ಚಟುವಟಿಕೆ ಕೊಡುತ್ತಿರಲಿಲ್ಲ.

ಕರೆಂಟಿನ ವಿಚಾರದಲ್ಲಿ ನಮ್ಮೂರಿನವರಿಗೆ ಸ್ವಲ್ಪ ಜಂಬ. ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಬಂದು 1902ರ ಜೂನ್ 30ರಂದು ನಮ್ಮ ಗಣಿಗಳನ್ನು ಮುಟ್ಟಿತು. ಅಷ್ಟು ದೂರ ಕರೆಂಟು ಸಾಗಿಸಿದ್ದು ಆ ಕಾಲಕ್ಕೆ ಜಗತ್ತಿಗೇ ದೊಡ್ಡ ಸುದ್ದಿ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಇದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ನೂರು ವರ್ಷ ದಾಟಿದ ಮೇಲೆ ಅದೇ ಊರಿನ ತರಬೇತಿ ಹಾಲಿನಲ್ಲಿ ‘ಮೇಡಂ, ಕರೆಂಟ್ ಬಂದ ಮೇಲೆ ಸ್ಲೈಡು ತೋರಿಸ್ತೀವಿ, ಅಲ್ಲಿವರೆಗೂ ಯಾರಾದ್ರೂ ಒಂದು ಹಾಡು ಹೇಳಿ’ ಅನ್ನುವುದನ್ನು ಕೇಳುತ್ತ ಕೂತಿರಬೇಕಾಗುತ್ತಿತ್ತು. ಹೀಗೆ ನಮ್ಮ ತಾಲ್ಲೂಕಿನ ಶಿಕ್ಷಕಿಯರಲ್ಲಿ ಭಾವಗೀತೆ ಬಾರದವರು ಯಾರೂ ಉಳಿಯಲಿಲ್ಲ.

ನಮ್ಮಪ್ಪ ನಂದಿದುರ್ಗ ಮೈನಿನಲ್ಲಿ ಫಿಟ್ಟರ್. ಮೂಲದಲ್ಲಿ ಕಾಮಸಮುದ್ರದ ಕಡೆಯ ರೈತರು, ರಾಗಿ ಕೈಕೊಟ್ಟ ಯಾವುದೋ ವರ್ಷ ಗಣಿಗೆ ಬಂದವರ ಪೈಕಿ. ಅವರ ಕೆಲಸ ಜನರನ್ನು ಕೆಳಗಿಳಿಸುವ ಕೇಜು, ಅದನ್ನು ಎತ್ತಿ ಇಳಿಸುವ ವೈಂಡಿಂಗ್ ಎಂಜಿನ್ನು, ಉಕ್ಕಿನ ಹಗ್ಗ ಇವುಗಳ ಸುತ್ತ. ಹಗ್ಗ ನೋಡುವುದನ್ನು ಅವರು ನನಗೆ ಮನೆಯ ಬಾವಿಹಗ್ಗದಲ್ಲಿ ಮಾಡಿ ತೋರಿಸಿದ್ದರು. ಕೈಯಲ್ಲಿ ಒಂದು ಹಳೇ ಬಟ್ಟೆ ಹಿಡಿದು ಹಗ್ಗವನ್ನು ಸುತ್ತುಗಟ್ಟಿಕೊಳ್ಳಬೇಕು, ಹಗ್ಗ ನಿಧಾನವಾಗಿ ಜಾರಬೇಕು. ಎಲ್ಲಾದರೂ ಒಂದೆಳೆ ಕಿತ್ತು ಬಂದಿದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ ಜಾಗಕ್ಕೆ ಗುರುತು ಹಾಕಿ, ಪುಸ್ತಕದಲ್ಲಿ ಬರೆದು, ಸಹಿ ಮಾಡಬೇಕು. ಸಹಿ ಮಾಡಿದವನ ಹೆಸರಿನ ಮೇಲೆ ಅಷ್ಟು ಜನ ಕೆಳಗೆ ಇಳಿಯುತ್ತಾರೆ. ಗಣಿಯಲ್ಲಿ ದಿಕ್ಕಿಲ್ಲದ ಮೆಷಿನ್ನು ಒಂದೂ ಇರಲಿಲ್ಲ ಅನ್ನುತ್ತಿದ್ದರು ಅಪ್ಪ. ಪಂಪಿಗೊಬ್ಬ, ಎಂಜಿನ್ನಿಗೊಬ್ಬ, ಶಾಫ್ಟಿನ ಬಾಯಿಗೊಬ್ಬ.

ಅವರ ಜೊತೆ ನನ್ನ ಸಂಜೆಯ ಮಾತುಕತೆ ಹೆಚ್ಚಾಗಿ ನನ್ನ ತರಬೇತಿಗಳ ಬಗ್ಗೆಯೇ. ಮೊದಲು ಹೇಳಿದ್ದು ರೇಡಿಯೊ ಕಥೆ.

ಆಕಾಶವಾಣಿಯಲ್ಲಿ ‘ಕೇಳಿ ಕಲಿ’, ‘ಚಿಣ್ಣರ ಚುಕ್ಕಿ’ ಪಾಠಗಳು ಬರುತ್ತಿದ್ದವು. ಚೆನ್ನಾಗಿಯೇ ಇದ್ದವು, ಸುಳ್ಳು ಹೇಳಬಾರದು. ರೇಡಿಯೊದ ದನಿ ಮಕ್ಕಳಿಗೆ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ, ಆ ಬಿಡುವಿನಲ್ಲಿ ಮಕ್ಕಳು ಉತ್ತರ ಕೂಗಬೇಕು, ಏಳಬೇಕು, ಚಪ್ಪಾಳೆ ತಟ್ಟಬೇಕು. ತರಬೇತಿಯಲ್ಲಿ ಮಕ್ಕಳ ಪಾತ್ರ ನಮ್ಮದು. ಐವತ್ತು ದಾಟಿ ಮಂಡಿನೋವಿನ ಎಣ್ಣೆ ಹಚ್ಚಿಕೊಂಡು ಬಂದ ಮೇಷ್ಟ್ರುಗಳು, ರೇಡಿಯೊ ಹೇಳಿತೆಂದು ಕುಪ್ಪಳಿಸಿದರು. ಒಂದು ಹಂತದಲ್ಲಿ ಆ ದನಿ ಪಕ್ಕದವರ ಕೈ ಹಿಡಿದು ವೃತ್ತಾಕಾರವಾಗಿ ನಿಲ್ಲಲು ಹೇಳಿತು. ನನ್ನ ಒಂದು ಪಕ್ಕ ಉರ್ದು ಶಾಲೆಯ ಮೇಡಂ, ಅಡ್ಡಿಯಿಲ್ಲ. ಇನ್ನೊಂದು ಪಕ್ಕ ಮಡಿಯ ಸಂಸ್ಕೃತ ಪಂಡಿತರು. ಅವರು ಕ್ಷಣಕಾಲ ಯೋಚಿಸಿ ತಮ್ಮ ಹೆಗಲಿನ ವಲ್ಲಿಯ ಒಂದು ತುದಿ ನನ್ನ ಕಡೆ ಚಾಚಿದರು. ಶೈಕ್ಷಣಿಕ ತಂತ್ರಜ್ಞಾನದ ಮೊದಲ ಪಾಠವನ್ನು ನಾನು ಕಲಿತದ್ದು ಹೀಗೆ, ಒಂದು ವಲ್ಲಿಯ ತುದಿ ಹಿಡಿದು.

ಮನೆಗೆ ಬಂದು ನಗುತ್ತ ನಗುತ್ತ ಹೇಳಿದೆ. ಅಪ್ಪನೂ ನಕ್ಕರು. ಆಮೇಲೆ ಕೇಳಿದರು.

‘ಆ ರೇಡಿಯೊ ಕೆಟ್ಟರೆ ಯಾರಮ್ಮಾ ಬರ್ತಾರೆ?’

‘ಯಾರೂ ಬರಲ್ಲಪ್ಪ. ನಾವೇ ಅಂಗಡಿಗೆ ತಗೊಂಡು ಹೋಗ್ಬೇಕು.’

‘ದುಡ್ಡು?’

ಸರ್ವ ಶಿಕ್ಷಣ ಅಭಿಯಾನದ ಕಾಲ ಅದು. ಕಲಿಕೋಪಕರಣ ಕೊಳ್ಳಲು ಟೀಚರಿಗೆ ವರ್ಷಕ್ಕೆ 500 ರೂಪಾಯಿ ಬರುತ್ತಿತ್ತು. ಅದರಲ್ಲಿ ಸ್ಕೆಚ್ ಪೆನ್ನು, ಚಾರ್ಟು, ಗೋಂದು ಕೊಂಡರೆ ಲೆಕ್ಕಕ್ಕೆ ಸರಿ. ರೇಡಿಯೊಗೆ ಶೆಲ್ಲು ಹಾಕಿಸಿದರೆ ಅದು ಕಲಿಕೋಪಕರಣವೋ, ಸಾದಿಲ್ವಾರೋ, ದುರಸ್ತಿಯೋ ಎಂದು ಹೆಡ್‌ಮಾಸ್ಟರು ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಕೊನೆಗೆ ಶೆಲ್ಲು ನಮ್ಮ ದುಡ್ಡಿನಲ್ಲೇ ಬಂತು. ಶೆಲ್ಲು ಮುಗಿದ ದಿನ ‘ಚಿಣ್ಣರ ಚುಕ್ಕಿ’ಯೂ ಮುಗಿಯಿತು. ಇದನ್ನೆಲ್ಲ ಅಪ್ಪನಿಗೆ ಹೇಳಿದರೆ ಅವರು ಬೇರೇನೂ ಅನ್ನಲಿಲ್ಲ, ‘ಮತ್ತೆ ಯಾಕೆ ಕೊಟ್ರು?’ ಅಂದರು.

ಹೀಗೇ ಇರಬೇಕಾಗಿಲ್ಲ ಎಂದು ನನಗೆ ತಿಳಿದದ್ದು ನಮ್ಮ ಹಳೆಯ ಹೆಡ್‌ಮಾಸ್ಟರೊಬ್ಬರಿಂದ. ಅವರು ಕೆಲಸ ಶುರು ಮಾಡಿದ್ದು ರಾಯಚೂರಿನ ಕಡೆ, ‘ಸೈಟ್’ ಪ್ರಯೋಗದ ಕಾಲದಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಬಂದಿತ್ತು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ. ಮನೆಗಳಲ್ಲಿ ಟಿವಿ ಎಂಬುದೇ ಇಲ್ಲದ ಕಾಲ. ಅದೇ ಅಕ್ಟೋಬರ್ ರಜೆಯಲ್ಲಿ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರನ್ನು ಆ ಟಿವಿಗಳ ಮುಂದೆ ಕೂರಿಸಿ ವಿಜ್ಞಾನ ಪಾಠದ ತರಬೇತಿ ಕೊಟ್ಟರು. ಪರದೆಯ ಮೇಲೆ ಪ್ರಯೋಗ, ಕೈಯಲ್ಲಿ ಪುಸ್ತಕ, ಎದುರಿಗೆ ಸಾಮಾನು. ಉಪಗ್ರಹದಿಂದ ಶಿಕ್ಷಕರ ತರಬೇತಿ ಎಂದು ಈಗ ಯಾರಾದರೂ ಹೊಸದಾಗಿ ಕಂಡುಹಿಡಿದವರ ಗತ್ತಿನಲ್ಲಿ ಹೇಳಿದರೆ ನನಗೆ ನಗು ಬರುತ್ತದೆ. ಹೆಡ್‌ಮಾಸ್ಟರು ಹೆಚ್ಚು ಹೇಳುತ್ತಿದ್ದುದು ಪಾಠದ ಬಗ್ಗೆಯಲ್ಲ, ಜೀಪಿನ ಬಗ್ಗೆ. ಸೆಟ್ಟು ಕೆಟ್ಟರೆ ದುರಸ್ತಿ ಮಾಡಲು ಇಸ್ರೊದವರು ಅಲ್ಲಲ್ಲಿ ಕೇಂದ್ರ ಮಾಡಿ ಜನ ಇಟ್ಟಿದ್ದರಂತೆ. ಧೂಳೆಬ್ಬಿಸಿಕೊಂಡು ಜೀಪು ಬಂದರೆ ಊರ ಮಕ್ಕಳೆಲ್ಲ ಹಿಂದೆ ಓಡುವುದು. ವರ್ಷ ಮುಗಿದ ಮೇಲೆ ಅಮೆರಿಕದವರು ಉಪಗ್ರಹ ವಾಪಸು ತೆಗೆದುಕೊಂಡರು. ಎರವಲು ತಂದ ಪಾತ್ರೆ ಇಟ್ಟುಕೊಳ್ಳುವುದಕ್ಕಾಗುತ್ತದೆಯೆ? ಆಮೇಲೆ ನಮ್ಮದೇ ಆದ ಎಜುಸ್ಯಾಟ್ 2004ರ ಸೆಪ್ಟೆಂಬರ್ 20ರಂದು ಹಾರಿತು, ಚಾಮರಾಜನಗರದ ಶಾಲೆಗಳ ಮೇಲೆ ಡಿಶ್ಶುಗಳು ಕೂತವು.

ಈ ಜೀಪಿನ ಕಥೆ ಹೇಳಿದ ದಿನ ಅಪ್ಪನ ಮುಖ ಅರಳಿತು. ‘ಹಂಗಿರಬೇಕು ನೋಡು’ ಅಂದರು.

ಈ ಶತಮಾನದ ಮೊದಲ ವರ್ಷಗಳಲ್ಲಿ ‘ಮಾಹಿತಿ ಸಿಂಧು’ ಎಂದು ಹೈಸ್ಕೂಲುಗಳಿಗೆ ಕಂಪ್ಯೂಟರ್ ಬಂತು. ಹೊತ್ತಿಗೆ ಸರಿಯಾಗಿ ಊರಿನ ಇನ್ನೊಂದು ಲೆಕ್ಕ ಮುಗಿಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷ ನಡೆದ ಮೆಷಿನ್ನುಗಳು ಒಂದೊಂದಾಗಿ ನಿಂತವು. ಅಪ್ಪ ಅಷ್ಟರಲ್ಲಿ ನಿವೃತ್ತರಾಗಿದ್ದರು, ಆದರೂ ಸಂಜೆ ನಡೆದುಕೊಂಡು ಹೋಗಿ ಗೇಟಿನ ಹತ್ತಿರ ನಿಂತು ಬರುತ್ತಿದ್ದರು. ಗ್ರೀಸು ಹಾಕದೆ ಎಷ್ಟು ದಿನಕ್ಕೆ ಯಾವ ಬೇರಿಂಗು ಹಿಡಿದುಕೊಳ್ಳುತ್ತದೆ ಎಂದು ಅವರಿಗೆ ಗೊತ್ತಿತ್ತು, ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು ಅಂತ ಕಾಣುತ್ತದೆ.

ಶಾಲೆಗಳ ಕಂಪ್ಯೂಟರಿನ ಕಥೆಯೂ ಬಹಳ ಬೇರೆಯಲ್ಲ. ಆಗಿನ ಯೋಜನೆಗಳು ಗುತ್ತಿಗೆಯವು. ಖಾಸಗಿಯವರು ಕಂಪ್ಯೂಟರ್ ತಂದು ಜೋಡಿಸಿ, ಹೇಳಿಕೊಡಲು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಇಟ್ಟು, ಐದು ವರ್ಷ ನಡೆಸಿ, ಕೊನೆಗೆ ಶಾಲೆಗೆ ಒಪ್ಪಿಸಿ ಹೋಗುವ ಲೆಕ್ಕ. ಒಪ್ಪಿಸಿದ ಮಾರನೇ ದಿನದಿಂದ ಆ ಹುಡುಗಿ ಇಲ್ಲ. ನಾನಿದ್ದ ಶಾಲೆಯಲ್ಲಿ ಆಕೆಗೆ ಬೀಳ್ಕೊಡುಗೆ ಮಾಡಿ, ಹಾರ ಹಾಕಿ, ಮಕ್ಕಳೆಲ್ಲ ಅತ್ತರು. ಆಮೇಲೆ ಹೆಡ್‌ಮಾಸ್ಟರು ಕೊಠಡಿಗೆ ಬೀಗ ಹಾಕಿ ಬೀಗದ ಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಅವರನ್ನು ಬೈಯಲಾರೆ. ಒಂದು ಮೌಸು ಕಳೆದರೂ ಅವರ ನಿವೃತ್ತಿ ವೇತನದ ಕಡತದಲ್ಲಿ ಅದು ಕೂರುತ್ತದೆ. ಕೆಟ್ಟ ಮೌಸಿಗೆ ಲೆಕ್ಕ ಕೇಳುವವರಿಲ್ಲ, ಕಳೆದ ಮೌಸಿಗೆ ಲೆಕ್ಕ ಉಂಟು. ಜಾಣರಾದವರು ಬೀಗವನ್ನೇ ಆರಿಸಿಕೊಳ್ಳುತ್ತಾರೆ.

ನನ್ನ ಸೇವೆಯ ಕೊನೆಯ ಭಾಗದಲ್ಲಿ ಬಂದದ್ದು ಟಾಲ್ಪ್ ತರಬೇತಿ. 2016-17ರ ಸುಮಾರಿಗೆ ಶುರುವಾಯಿತು. ನಾನು ಕೂತ ಎಲ್ಲ ತರಬೇತಿಗಳಲ್ಲಿ ನಿಜವಾಗಿ ಏನಾದರೂ ಕಲಿತೆನೆಂದರೆ ಅದು ಇಲ್ಲೇ. ಒಬ್ಬೊಬ್ಬರ ಮುಂದೆ ಒಂದೊಂದು ಕಂಪ್ಯೂಟರು, ಒಳಗೆ ದುಡ್ಡು ಕೊಡಬೇಕಿಲ್ಲದ ಉಬುಂಟು. ಮೊದಲ ದಿನ ಅರ್ಧ ಹೊತ್ತು ಹೋದದ್ದು ಕನ್ನಡ ಬೆರಳಚ್ಚಿಗೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ‘ನುಡಿ’ ತಂತ್ರಾಂಶದಲ್ಲಿ ಇರುವುದೇ. ಕ ಬೇಕಾದರೆ ಕೆ, ರ ಬೇಕಾದರೆ ಆರ್, ಅಲ್ಲಿಯವರೆಗೆ ಎಲ್ಲರೂ ಪಂಡಿತರೇ. ‘ಎಲ್ಲರೂ ನಿಮ್ಮ ತಾಲ್ಲೂಕಿನ ಹೆಸರು ಬರೀರಿ’ ಅಂದರು. ಮಾಲೂರಿನವರು ಮುಗಿಸಿ ಕೈಕಟ್ಟಿ ಕೂತರು. ನಾವು ಬಂಗಾರಪೇಟೆಯವರು ‘ಬಂ’ನಲ್ಲೇ ನಿಂತೆವು. ಬಿ ಒತ್ತಿದ ಮೇಲೆ ಸೊನ್ನೆ ಎಲ್ಲಿದೆ? ಸೊನ್ನೆ ಒತ್ತಿದರೆ ಸೊನ್ನೆಯೇ ಬರುತ್ತದೆ, ಬಂಡಿಯ ಗಾಲಿ ಗಾತ್ರದ್ದು. ಶಿಫ್ಟ್ ಹಿಡಿದು ಎಂ ಒತ್ತಬೇಕೆಂದು ತಿಳಿಯುವ ಹೊತ್ತಿಗೆ ಟೀ ಬಂತು. ಟೀ ಕುಡಿದು ಬಂದು ‘ಬಂಗಾರಪೇ’ವರೆಗೆ ಬಂದೆವು. ‘ಟೆ’ ಸಿಗಲಿಲ್ಲ. ಟಿ ಒತ್ತಿದರೆ ತ. ಬಂಗಾರಪೇತೆ. ಟ ಕೂತಿರುವುದು ಕ್ಯೂ ಮೇಲೆ. ‘ಇದ್ಯಾಕ್ರೀ ಹಿಂಗೆ?’ ಎಂದು ಮುಳಬಾಗಿಲ ಕಡೆಯ ಒಬ್ಬ ಹಿರಿಯರು ಸಿಟ್ಟಾದರು. ನಮಗೆ ಹೇಳಿಕೊಡುತ್ತಿದ್ದ ಆರ್‌ಪಿ ಹುಡುಗ ಬಹಳ ಸೌಮ್ಯ, ‘ಸರ್, ಟಿ ಮೇಲೆ ತ ಕೂತಾಗಿದೆ’ ಅಂದ. ಇನ್ನು ಒತ್ತಕ್ಷರಕ್ಕೆ ಎಫ್. ಆ ಎಫ್ ಒಂದನ್ನು ಹಿಡಿದುಕೊಂಡ ಮೇಲೆ ನಮ್ಮವರು ರಾಷ್ಟ್ರ, ಸ್ವಾತಂತ್ರ್ಯ, ಧಾರ್ಷ್ಟ್ಯ ಎಂದು ಊಟದ ಹೊತ್ತಿನವರೆಗೂ ಒತ್ತಿದ್ದೇ ಒತ್ತಿದ್ದು.

ಕೂಸಿದ್ದ ಟೀಚರೊಬ್ಬರು ತಾಯಿಯನ್ನೂ ಕರೆದುಕೊಂಡು ಬಂದಿದ್ದರು. ಪಕ್ಕದ ಕೊಠಡಿಯ ಎರಡು ಕಿಟಕಿಗಳ ಸರಳಿಗೆ ಹಳೇ ಸೀರೆ ಕಟ್ಟಿ ಜೋಲಿ. ಮಗು ಅತ್ತಾಗ ಆಕೆ ಎದ್ದು ಹೋಗುವರು, ಕಂಪ್ಯೂಟರಿನ ಮುಂದೆ ಆ ಹೊತ್ತಿಗೆ ನಮ್ಮಲ್ಲಿ ಒಬ್ಬರು ಕೂತು ಅವರ ಕೆಲಸ ಮುಂದುವರಿಸುವರು. ಕೊನೆಯ ದಿನ ಒಪ್ಪಿಸಿದ ಆಕೆಯ ಪಾಠಯೋಜನೆಯಲ್ಲಿ ಜಿಲ್ಲೆಯ ಎಲ್ಲ ತಾಲ್ಲೂಕಿನವರ ಕೈ ಇತ್ತು. ಅದಕ್ಕೇ ಅತ್ಯುತ್ತಮ ಎಂದು ಚಪ್ಪಾಳೆ ಬಿತ್ತು.

ಜಿಯೋಜೀಬ್ರಾ ಹೇಳಿಕೊಟ್ಟ ಮಧ್ಯಾಹ್ನ ಮಾತ್ರ ನಾನು ಮರೆಯುವಂಥದ್ದಲ್ಲ. ನನ್ನ ಪಕ್ಕ ಕೂತಿದ್ದವರು ಒಬ್ಬ ಗಣಿತದ ಮೇಷ್ಟ್ರು, ನಿವೃತ್ತಿಗೆ ಹತ್ತಿರದವರು, ಹೊಸದೇನಿದ್ದರೂ ಮೊದಲು ಮೂಗು ಮುರಿಯುವವರು. ಪರದೆಯ ಮೇಲೆ ಒಂದು ವೃತ್ತ ಬರೆದರು, ವ್ಯಾಸ ಎಳೆದರು, ಪರಿಧಿಯ ಮೇಲೆ ಒಂದು ಬಿಂದು ಇಟ್ಟು ಎರಡು ತುದಿಗೂ ಸೇರಿಸಿದರು. ಕೋನ 90 ಡಿಗ್ರಿ ಎಂದು ತೋರಿಸಿತು. ಆರ್‌ಪಿ ಹುಡುಗ ‘ಸರ್, ಈಗ ಆ ಬಿಂದುವನ್ನ ಹಿಡಿದು ಎಳೀರಿ’ ಅಂದ. ಎಳೆದರು. ತ್ರಿಕೋನ ಬಾಗಿತು, ಉದ್ದವಾಯಿತು, ಚಪ್ಪಟೆಯಾಯಿತು, ಕೋನದ ಪಕ್ಕದ ಅಂಕಿ ಮಾತ್ರ 90, 90, 90. ಮೇಷ್ಟ್ರು ಸುಮ್ಮನೆ ಎಳೆಯುತ್ತಲೇ ಇದ್ದರು. ಆ ಪ್ರಮೇಯವನ್ನು ಅವರು ಅದೆಷ್ಟು ಸಾವಿರ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರೋ. ‘ನಿಜವಾಗ್ಲೂ ಬದಲಾಗಲ್ಲ ಕಣಮ್ಮ’ ಎಂದು ನನ್ನ ಕಡೆ ತಿರುಗಿ ಹೇಳಿದರು, ಅಷ್ಟು ವರ್ಷ ಪರೀಕ್ಷೆಗೋಸ್ಕರ ನಂಬಿಕೊಂಡು ಬಂದಿದ್ದನ್ನು ಈಗ ಕಣ್ಣಾರೆ ಕಂಡವರ ದನಿಯಲ್ಲಿ.

ತಂತ್ರಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ ಎನ್ನುವುದಕ್ಕೆ ಆ ಮಧ್ಯಾಹ್ನವೇ ಸಾಕ್ಷಿ.

ಆ ಗಣಿತದ ಮೇಷ್ಟ್ರು ತಮ್ಮ ಶಾಲೆಗೆ ಹಿಂತಿರುಗಿದ ಮೇಲಿನದು ಬೇರೆ ಕಥೆ. ಪ್ರೊಜೆಕ್ಟರ್ ಇತ್ತು. ಮದುವೆಗೆ ಮಾತ್ರ ಹೊರಗೆ ತೆಗೆಯುವ ಬೆಳ್ಳಿ ತಟ್ಟೆಯ ಹಾಗೆ ಬೀರುವಿನಲ್ಲಿ ಬಟ್ಟೆ ಸುತ್ತಿಕೊಂಡಿತ್ತು. ತೆಗೆದು ಹಚ್ಚಿದರೆ ಬಲ್ಬು ಹೋಗಿದೆ. ಬಲ್ಬಿನ ಬೆಲೆ ಕೇಳಿ ಎಸ್‌ಡಿಎಂಸಿ ಅಧ್ಯಕ್ಷರು ‘ಸಾರ್, ಇಷ್ಟಕ್ಕೆ ನಮ್ಮೂರ ಬೀದಿಗೆಲ್ಲ ಬಲ್ಬು ಬರ್ತವೆ’ ಅಂದರಂತೆ. ತಾಲ್ಲೂಕಿಗೆ ಬರೆದರು, ತಾಲ್ಲೂಕಿನವರು ಜಿಲ್ಲೆಗೆ ಬರೆದರು. ಮೇಷ್ಟ್ರು ಕಾಯಲಿಲ್ಲ. ಒಂದು ಹಲಗೆಯ ಮೇಲೆ ಕೈವಾರದಲ್ಲಿ ವೃತ್ತ ಎಳೆದು ಸುತ್ತಲೂ ಮೊಳೆ ಹೊಡೆದರು. ವ್ಯಾಸದ ಎರಡು ತುದಿಗೆ ರಬ್ಬರ್ ಬ್ಯಾಂಡು ಸಿಕ್ಕಿಸಿ ಇನ್ನೊಂದು ಮೂಲೆಯನ್ನು ಮೊಳೆಯಿಂದ ಮೊಳೆಗೆ ಸರಿಸುತ್ತ ಹೋದರೆ ಪುಸ್ತಕದ ಮೂಲೆ ಇಟ್ಟು ನೋಡಬಹುದು, ಲಂಬಕೋನ ಅಲುಗುವುದಿಲ್ಲ. ಮುಂದಿನ ಸಮಾಲೋಚನಾ ಸಭೆಗೆ ಅದನ್ನು ಹೊತ್ತು ತಂದು ‘ಇದು ಕರೆಂಟಿಲ್ಲದ ಜಿಯೋಜೀಬ್ರಾ’ ಎಂದು ಮೇಜಿನ ಮೇಲಿಟ್ಟರು. ಆ ಹಲಗೆಯನ್ನು ನಾನು ಎರವಲು ತಂದು ಅಪ್ಪನಿಗೆ ತೋರಿಸಿದೆ. ಅವರು ಮೊಳೆಗಳನ್ನು ಬೆರಳಿನಲ್ಲಿ ಅಲ್ಲಾಡಿಸಿ ನೋಡಿ, ‘ಎರಡು ಸಡಿಲ ಇದೆ’ ಎಂದು ಬಡಿದು ಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಶೈಕ್ಷಣಿಕ ತಂತ್ರಜ್ಞಾನಕ್ಕೆ ಪುಕ್ಕಟೆಯಾಗಿ ಆದ ದುರಸ್ತಿ ಅದೊಂದೇ ಇರಬೇಕು.

ಇನ್ನು ಸಿಗ್ನಲ್ಲು. ಜಾಲತಾಣ ತೆರೆಯಿರಿ ಅಂದ ಕೂಡಲೇ ಅಷ್ಟೂ ಜನ ಫೋನು ಹಿಡಿದು ಕಿಟಕಿಯ ಹತ್ತಿರ ಹೋಗುವುದು, ಮೆಟ್ಟಿಲ ಮೇಲೆ ನಿಲ್ಲುವುದು, ಒಬ್ಬರು ಅಂಗಳದ ಹೊಂಗೆಮರದ ಬುಡದಲ್ಲಿ ಮಾತ್ರ ಸಿಗುತ್ತದೆಂದು ಕಂಡುಹಿಡಿದು ಉಳಿದವರನ್ನು ಕರೆಯುವುದು. ಒಟಿಪಿ ಬರುವ ಹೊತ್ತಿಗೆ ಅದರ ಆಯಸ್ಸು ಮುಗಿದಿರುತ್ತಿತ್ತು. ಆಗೆಲ್ಲ ನನಗೆ ಚಾಂಪಿಯನ್ ರೀಫ್ ನೆನಪಾಗುತ್ತಿತ್ತು. 1965ರಲ್ಲಿ ಮುಂಬೈಯ ಟಾಟಾ ಸಂಸ್ಥೆಯ ವಿಜ್ಞಾನಿಗಳು ಜಪಾನು, ಇಂಗ್ಲೆಂಡಿನವರ ಜೊತೆ ಸೇರಿ ಅಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟು ಕೂತು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣದ ಗುರುತನ್ನು ಹಿಡಿದರು. ಭೂಮಿಯನ್ನೇ ತೂರಿಕೊಂಡು ಹೋಗುವ, ಯಾರ ಕೈಗೂ ಸಿಗದ ಕಣ. ಅಂಥದ್ದು ನಮ್ಮೂರಿನ ಪಾತಾಳದಲ್ಲಿ ಸಿಕ್ಕಿತು, ನೆಲದ ಮೇಲೆ ಒಟಿಪಿ ಸಿಗಲಿಲ್ಲ.

ಸಂಜೆ ವಾಪಸು ಬರುವಾಗ ಬಂಗಾರಪೇಟೆಯಲ್ಲಿ ಇಳಿದೇ ಇಳಿಯುತ್ತಿದ್ದೆವು, ಪಾನಿಪುರಿಗೆ. ನಮ್ಮೂರ ಪಾನಿಯ ಬಣ್ಣ ಹಸಿರಲ್ಲ, ಕುಡಿಯುವ ನೀರಿನಷ್ಟೇ ತಿಳಿ. ಬಾಯಿಗಿಟ್ಟ ಮೇಲೆ ಗೊತ್ತಾಗುತ್ತದೆ ಅದು ನೀರಲ್ಲವೆಂದು. ದಿನವಿಡೀ ನಡೆದ ಚರ್ಚೆಗಳಲ್ಲಿ ಮುಗಿಯದ್ದೆಲ್ಲ ಆ ಗಾಡಿಯ ಮುಂದೆ ಮುಗಿಯುತ್ತಿತ್ತು. ಓದು ಬಾರದ ಏಳನೇ ಕ್ಲಾಸಿನ ಹುಡುಗನಿಗೆ ಏನು ಮಾಡಿದಿರಿ, ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು ಆಡುವ ಮಗುವಿಗೆ ಒತ್ತಕ್ಷರ ಹೇಗೆ ಹಿಡಿಸಿದಿರಿ, ಇಂಥ ಮಾತು. ಹಿಮ್ಮಾಹಿತಿ ನಮೂನೆಯಲ್ಲಿ ಇದನ್ನು ಬರೆಯಲು ಕಾಲಂ ಇರಲಿಲ್ಲ.

2020ರಲ್ಲಿ ಕೊರೊನಾ ಬಂದು ಇದೆಲ್ಲ ನಿಂತಿತು. ಮಕ್ಕಳಿಗೆ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ, ನಮಗೆ ದೀಕ್ಷಾ ಜಾಲತಾಣದಲ್ಲಿ ‘ನಿಷ್ಠಾ’ ಕೋರ್ಸು. ಟೀ ಇಲ್ಲ, ಊಟ ಇಲ್ಲ, ಜಗಳ ಇಲ್ಲ. ವಿಡಿಯೊ ತನ್ನಷ್ಟಕ್ಕೆ ಓಡುತ್ತದೆ, ನಾವು ನಮ್ಮಷ್ಟಕ್ಕೆ ಒಲೆಯ ಮುಂದೆ. ನನಗೆ ಗೊತ್ತಿರುವ ಒಬ್ಬ ಮೇಷ್ಟ್ರ ಕೋರ್ಸನ್ನೆಲ್ಲ ಮುಗಿಸಿದ್ದು ಆಗ ಪಿಯುಸಿ ಓದುತ್ತಿದ್ದ ಅವರ ಮಗಳು. ಪ್ರಮಾಣಪತ್ರಗಳು ಅಪ್ಪನ ಹೆಸರಿನಲ್ಲಿವೆ, ಬೋಧನಾಶಾಸ್ತ್ರ ಮಗಳ ತಲೆಯಲ್ಲಿದೆ. ಅವಳು ಈಗ ಬಿ.ಎಡ್‌ಗೆ ಸೇರುತ್ತೇನೆ ಅನ್ನುತ್ತಿದ್ದಾಳಂತೆ. ಆ ತರಬೇತಿಯಿಂದ ಯಾರಿಗೂ ಉಪಯೋಗವಾಗಲಿಲ್ಲ ಎಂದು ಹೇಳುವಂತಿಲ್ಲ.

ಅಪ್ಪ ಈಗಿಲ್ಲ. ನಾನು ಕೊನೆಯದಾಗಿ ಅವರಿಗೆ ಹೇಳಿದ್ದು ಸ್ಮಾರ್ಟ್ ಬೋರ್ಡಿನ ಕಥೆ. ಬೆರಳಿನಿಂದ ಬರೆಯಬಹುದು, ಅಳಿಸಬಹುದು, ಹೃದಯ ಬಡಿಯುವುದನ್ನು ಬಿಡಿಸಿ ತೋರಿಸಬಹುದು ಎಂದೆ. ಕಿವಿ ಮಂದವಾಗಿತ್ತು, ಪೂರ್ತಿ ಕೇಳಿಸಿತೋ ಇಲ್ಲವೋ, ಕೇಳಿದ ಪ್ರಶ್ನೆ ಮಾತ್ರ ಅದೇ.

ಉತ್ತರ ಈಗಲೂ ನನ್ನ ಹತ್ತಿರ ಇಲ್ಲ, ಆದರೆ ಬೆಳಗಿನ ರೈಲಿನಲ್ಲಿ ಇದೆ. ಮಾರಿಕುಪ್ಪದಿಂದ ಬೆಂಗಳೂರಿಗೆ ಹೊರಡುವ ಗಾಡಿ ಹತ್ತಿ ನೋಡಿ, ನಿಲ್ಲಲು ಜಾಗವಿರುವುದಿಲ್ಲ. ಗಣಿ ಮುಚ್ಚಿದ ಮೇಲೆ ಈ ಊರು ಉಣ್ಣುತ್ತಿರುವುದೇ ಆ ರೈಲಿನಿಂದ. ಅದರಲ್ಲಿ ನಿಂತಿರುವ ಹುಡುಗ ಹುಡುಗಿಯರಲ್ಲಿ ಐಟಿಐ ಮಾಡಿದವರು, ಡಿಪ್ಲೊಮಾ ಮಾಡಿದವರು ಬೇಕಾದಷ್ಟು. ಫಿಟ್ಟರುಗಳ ಮಕ್ಕಳು, ಮೊಮ್ಮಕ್ಕಳು. ಕೆಲವರು ನನ್ನ ಶಿಷ್ಯರೇ, ಕಂಡರೆ ಸೀಟು ಬಿಟ್ಟುಕೊಡುತ್ತಾರೆ. ದಿನಾ ಹೋಗಿಬರಲು ಅಷ್ಟು ಹೊತ್ತು ರೈಲಿನಲ್ಲಿ ಕಳೆದು ಅವರು ಬೆಂಗಳೂರಿನ ಆಫೀಸುಗಳ ಕಂಪ್ಯೂಟರು, ಪ್ರಿಂಟರು, ಪ್ರೊಜೆಕ್ಟರು ರಿಪೇರಿ ಮಾಡಿ ಬರುತ್ತಾರೆ. ಅವರು ಬೆಳಿಗ್ಗೆ ಹತ್ತುವ ಸ್ಟೇಷನ್ನಿನ ಪಕ್ಕದ ಶಾಲೆಯಲ್ಲಿ ಅದೇ ಪ್ರೊಜೆಕ್ಟರು ಬೀರುವಿನಲ್ಲಿ ಮಲಗಿದೆ.

ಶಿಕ್ಷಣ ಇಲಾಖೆಯಲ್ಲಿ ಇದನ್ನು ಓದುವವರು ಯಾರಾದರೂ ಇದ್ದರೆ ಒಂದು ಮನವಿ. ಮುಂದಿನ ತರಬೇತಿಯ ಬಜೆಟ್ಟಿನಲ್ಲಿ ಬ್ಯಾನರು, ಬ್ಯಾಗು, ನೋಟ್‌ಪ್ಯಾಡುಗಳ ಖರ್ಚು ಕಡಿಮೆ ಮಾಡಿ. ಕ್ಲಸ್ಟರಿಗೆ ಒಬ್ಬರನ್ನು ಕೊಡಲಾಗದಿದ್ದರೆ ತಾಲ್ಲೂಕಿಗೆ ಇಬ್ಬರನ್ನಾದರೂ ಕೊಡಿ, ಒಂದು ಸ್ಕೂಟರು, ಒಂದು ಸಾಮಾನಿನ ಚೀಲ, ಬಂದು ನೋಡಿ ಸಹಿ ಮಾಡಲು ಒಂದು ಪುಸ್ತಕ. ಬಿಡಿಭಾಗ ಕೊಳ್ಳಲು ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಸ್ವಲ್ಪ ಹಣ. ಜನ ನಮ್ಮೂರಲ್ಲೇ ಸಿಗುತ್ತಾರೆ, ಹೊರಗಿನಿಂದ ತರಬೇಕಾಗಿಲ್ಲ. ತರಬೇತಿಯ ಚಿಂತೆ ನಿಮಗೆ ಬೇಡ. ನಮ್ಮ ಮೇಷ್ಟ್ರುಗಳು ಹಿಂದಿನ ಸಂಜೆ ವಾಟ್ಸ್‌ಆ್ಯಪಿನಲ್ಲಿ ಆದೇಶ ಕಳಿಸಿದರೂ ಬೆಳಿಗ್ಗೆ ಒಂಬತ್ತೂವರೆಗೆ ಬಂದು ಕೂತಿರುತ್ತಾರೆ.